ರಕ್ಕಸನ ಬೂದಿ, ದನದ ಸಗಣಿ

ಬೂದಿಗಿಂತ ಬಡಪಾಯಿ ವಸ್ತು ಮತ್ತೊಂದಿರಲಾರದು. ಉರಿದು ಮುಗಿದದ್ದರ ಉಳಿಕೆಯಾದ ಅದನ್ನು ಕಳ್ಳನೂ ಮುಟ್ಟುವುದಿಲ್ಲ. ಆದರೂ ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಮನೆಗಳಲ್ಲಿ ಗ್ಯಾಸಿನ ಒಲೆ ಬರುವ ತನಕ ಬೂದಿಯಿಲ್ಲದೆ ಒಂದು ದಿನವೂ ಸಾಗುತ್ತಿರಲಿಲ್ಲ. ಹುಣಸೆಹಣ್ಣಿನ ಜೊತೆ ಸೇರಿ ಹಿತ್ತಾಳೆಯ ಕೊಡವನ್ನು ಬೆಳಗುತ್ತಿದ್ದುದು ಅದೇ. ಹೆಸರುಕಾಳಿಗೆ ನುಸಿ ಹತ್ತದಂತೆ ಕಾಯುತ್ತಿದ್ದುದು ಅದೇ. ಹಿತ್ತಲಿನ ಬದನೆ ಗಿಡಕ್ಕೆ ಹೇನು ಬಿದ್ದಾಗ ಎರಚುತ್ತಿದ್ದುದು ಅದೇ. ಸಗಣಿಯನ್ನು ಉಂಡೆ ಮಾಡಿ ಒಣಗಿಸಿ, ಸುಟ್ಟು, ಸೋಸಿ, ಗಟ್ಟಿ ಕಟ್ಟಿದರೆ ಹಣೆಯ ಮೇಲೆ ವಿಭೂತಿಯಾಗಿ ಕೂರುತ್ತಿದ್ದುದೂ ಅದೇ. ಈಗ ಒಲೆಯ ಬೂದಿ ಕಡಿಮೆಯಾಗಿದ್ದರೂ ನಾಡಿನ ಬೂದಿ ಕಡಿಮೆಯಾಗಿಲ್ಲ. ಶಕ್ತಿನಗರದ ಮತ್ತು ಕುಡುತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಿಂದ ಹೊರಬೀಳುವ ಹಾರುಬೂದಿ ಸಿಮೆಂಟಿಗೂ ಇಟ್ಟಿಗೆಗೂ ಸೇರಿ ನಮ್ಮ ಗೋಡೆಗಳೊಳಗೆ ಕುಳಿತಿದೆ.

ಇಂಥ ಬೂದಿಯ ಬಗ್ಗೆ ವಿದ್ವಾಂಸರು ಹೆಚ್ಚು ಕಡಿಮೆ ಇನ್ನೂರು ವರ್ಷಗಳಿಂದ ವಾದ ಮಾಡುತ್ತಿದ್ದಾರೆಂದರೆ ಯಾರಿಗಾದರೂ ನಗು ಬರಬಹುದು. ಆದರೆ ಕುಡುತಿನಿಯಿಂದ ತೋರಣಗಲ್ಲಿನ ಕಡೆಗೆ ಹೋಗುವ ದಾರಿಯ ಬದಿಯಲ್ಲಿರುವ ಬೂದಿಗುಡ್ಡವನ್ನು ನೋಡಿದವರಿಗೆ ಆ ವಾದದ ಗಾಂಭೀರ್ಯ ತಿಳಿಯುತ್ತದೆ. ಇಂತಹ ಗುಡ್ಡಗಳು ಬಳ್ಳಾರಿ, ರಾಯಚೂರು, ಕೊಪ್ಪಳ ಮತ್ತು ಅಕ್ಕಪಕ್ಕದ ಜಿಲ್ಲೆಗಳಲ್ಲಿ ನೂರಕ್ಕೂ ಹೆಚ್ಚು ಇವೆ. ಕೆಲವು ಆಳೆತ್ತರವನ್ನು ಎಷ್ಟೋ ಮೀರಿ ನಿಂತಿವೆ. ದೂರದಿಂದ ನೋಡಿದರೆ ಸಾಮಾನ್ಯ ಮಣ್ಣಿನ ದಿಬ್ಬ. ಹತ್ತಿರ ಹೋದರೆ ಹಿಟ್ಟಿನಂತೆ ಮೆತ್ತಗಿನ ಬಿಳಿಬೂದಿಯ ಪದರಗಳು, ಅವುಗಳ ನಡುವೆ ಕರಗಿ ಹರಿದು ಹೆಪ್ಪುಗಟ್ಟಿದಂಥ ಗಂಟುಗಳು. ಅಂಥದೊಂದು ಗಂಟನ್ನು ಕೈಗೆತ್ತಿಕೊಂಡರೆ ಗಾತ್ರಕ್ಕೆ ತಕ್ಕ ತೂಕವಿರುವುದಿಲ್ಲ. ಒಡೆದು ನೋಡಿದರೆ ಒಳಗೆಲ್ಲ ಗುಳ್ಳೆ, ಗುಳ್ಳೆಯ ಗೋಡೆಗೆ ಗಾಜಿನ ಹೊಳಪು. ಒಲೆಯ ಬೂದಿ ಎಂದೂ ಹೀಗೆ ಕಲ್ಲಾಗುವುದಿಲ್ಲ. ಹಾಗಾದರೆ ಇಲ್ಲಿ ಉರಿದದ್ದು ಏನು?

ಜನರು ಕೊಟ್ಟ ಉತ್ತರ ಸರಳವಾಗಿತ್ತು: ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಇದು. ಈ ಭಾಗದಲ್ಲಿ ಓಡಾಡಿದ ಮದ್ರಾಸು ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ಈ ಕತೆಯನ್ನು ಕೇಳಿ, 1843ರಲ್ಲಿ ಅಚ್ಚಾದ ತನ್ನ ಲೇಖನದಲ್ಲಿ ದಾಖಲಿಸಿದ. ಈ ಕತೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕತೆ ಕಟ್ಟಿದವರು ಎರಡು ಸಂಗತಿಗಳನ್ನು ಸರಿಯಾಗಿ ಗಮನಿಸಿದ್ದರು: ಇದು ಮಣ್ಣಲ್ಲ, ಬೂದಿ, ಮತ್ತು ಇಷ್ಟು ಬೂದಿಯಾಗಬೇಕಾದರೆ ಉರಿದದ್ದು ಮನುಷ್ಯಗಾತ್ರದ್ದಲ್ಲ. ವೀಕ್ಷಣೆ ಸರಿಯಾಗಿದ್ದು ಕಾರಣ ತಪ್ಪಿದೆ, ಅಷ್ಟೆ. ವಿಜ್ಞಾನದಲ್ಲಿಯೂ ಹೀಗಾಗುವುದು ಅಪರೂಪವೇನಲ್ಲ.

ಏಕೆಂದರೆ ಓದಿದವರು ಕೊಟ್ಟ ಮೊದಲ ಉತ್ತರಗಳೂ ಹೀಗೇ ಇದ್ದವು. ಗುಳ್ಳೆಗುಳ್ಳೆಯ ಗಂಟನ್ನು ನೋಡಿ ಜ್ವಾಲಾಮುಖಿಯ ಕಿಟ್ಟವೆಂದವರಿದ್ದರು. ಸುಣ್ಣದ ಭಟ್ಟಿ ಎಂದವರಿದ್ದರು. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಎದುರಿಗೇ ಇರುವಾಗ ಅದಿರು ಕರಗಿಸಿದ ಜಾಗವೆಂದವರೂ ಇದ್ದರು. ಒಂದೂ ಬುದ್ಧಿಯಿಲ್ಲದ ಊಹೆಯಲ್ಲ. ಆದರೆ ಒಂದೊಂದಕ್ಕೂ ಎದುರು ಸಾಕ್ಷಿ ನಿಂತಿತು. ಸುತ್ತಲಿರುವುದು ಗ್ರಾನೈಟ್ ಬಂಡೆ, ಹತ್ತಿರದಲ್ಲೆಲ್ಲೂ ಬೆಂಕಿ ಉಗುಳಿದ ಬಾಯಿಲ್ಲ. ಕಬ್ಬಿಣದ ಕಿಟ್ಟ ಕೈಗೆ ಭಾರ, ಇದು ಹಗುರ. ಎಲ್ಲಕ್ಕಿಂತ ಮಿಗಿಲಾಗಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ದಿಬ್ಬಗಳನ್ನು ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿಗಳ ಕಾಲದವರಿಗೆ ಸೇರಿಸಿದರು. ಕಬ್ಬಿಣವನ್ನೇ ಕಾಣದವರು ಕಬ್ಬಿಣ ಕರಗಿಸುವುದೆಂತು? ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಫೂಟ್ ಹೇಳಿದ ಉತ್ತರ ಕೇಳಲು ಅಷ್ಟೇನೂ ಘನವಾಗಿರಲಿಲ್ಲ: ಇದು ದನದ ಸಗಣಿ. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಗೆ ಬೆಂಕಿ ಬಿದ್ದು ಉಳಿದ ಬೂದಿ.

ಇಲ್ಲಿಗೆ ಕತೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ವಿಜಯನಗರದ ಇತಿಹಾಸವನ್ನು ಬರೆದು ಹೆಸರಾದ ರಾಬರ್ಟ್ ಸೆವೆಲ್ 1899ರಲ್ಲಿ ಈ ದಿಬ್ಬಗಳ ಮೇಲೆಯೇ ಲೇಖನ ಬರೆದು ಅವನ್ನು ವಿಜಯನಗರ ಕಾಲದ ಮಹಾ ದಹನಗಳ ಕಡೆಗೆ ಎಳೆದರು. ತಾನು ಆಳವಾಗಿ ಬಲ್ಲ ಕಾಲವೇ ಎಲ್ಲೆಡೆ ಕಾಣುವುದು ಪಂಡಿತರಿಗೆ ಸಹಜವಾದ ಕಾಯಿಲೆ. ಇಪ್ಪತ್ತನೆಯ ಶತಮಾನದಲ್ಲಿ ಸಹ ಕೆಲವರು ಲೋಹದ ಕಿಟ್ಟದ ವಾದಕ್ಕೆ ಮರಳಿದರು. ತಿಳಿವಳಿಕೆಯೆಂಬುದು ದಿನಕ್ಕೊಂದು ಹೆಜ್ಜೆ ಮುಂದಿಡುತ್ತ ಸಾಗುತ್ತದೆಂದು ಶಾಲೆಯ ಪಠ್ಯಗಳು ಬರೆಯುತ್ತವೆ. ಆದರೆ ಸರಿಯಾದ ಉತ್ತರ ಅಚ್ಚಾಗಿ ಕುಳಿತಿದ್ದರೂ ಅದನ್ನು ದಾಟಿ ಹಿಂದಕ್ಕೆ ಹೋದ ಈ ದಶಕಗಳನ್ನು ಅವು ಬಿಟ್ಟುಬಿಡುತ್ತವೆ.

ಫೂಟ್ ಅವರ ಮಾತು ಗಟ್ಟಿಯಾದದ್ದು 1957ರಲ್ಲಿ, ಕೃಷ್ಣೆಯ ಆಚೆ, ಆಗಿನ ಮೆಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ. ಅಲ್ಲಿನ ಬೂದಿಗುಡ್ಡವನ್ನು ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಮರದ ಗೂಟಗಳನ್ನು ಸಾಲಾಗಿ ನೆಟ್ಟು ಬೇಲಿ ಕಟ್ಟಿದ್ದ ಕುಳಿಗಳು ಸಿಕ್ಕವು. ಬೇಲಿಯ ಒಳಗೆ, ಬೂದಿಯ ಪದರದ ಮೇಲೆ, ದನದ ಗೊರಸಿನ ಅಚ್ಚುಗಳು ಮೂಡಿದ್ದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಬೂದಿ ತುಳಿದು ನಡೆದ ದನದ ಹೆಜ್ಜೆ ವಿದ್ವಾಂಸರ ವಾದವನ್ನು ತೀರ್ಮಾನಿಸಿತು. ಅದರ ಬೆನ್ನಿಗೇ, 1960ರಲ್ಲಿ, ಲಂಡನ್ನಿನ ಝಾಯ್ನರ್ ಬಳ್ಳಾರಿ ಸೀಮೆಯ ಬೂದಿಯನ್ನು ಪರೀಕ್ಷಿಸಿ ಅದು ಸಗಣಿಯದೇ ಎಂದು ಪ್ರಕಟಿಸಿದರು. ಗಾಜಿನ ಗುಟ್ಟೂ ಅಲ್ಲೇ ಇತ್ತು. ಹುಲ್ಲು ತನ್ನ ಎಲೆಗಳಲ್ಲಿ ಸಿಲಿಕಾ ತುಂಬಿಕೊಂಡಿರುತ್ತದೆ. ಹುಲ್ಲು ತಿಂದ ದನದ ಸಗಣಿಯಲ್ಲಿ ಅದು ಹಾಗೆಯೇ ಉಳಿಯುತ್ತದೆ. ದೊಡ್ಡ ರಾಶಿಗೆ ಬೆಂಕಿ ಹತ್ತಿ ಕಾವು ಒಳಗೇ ಕೂಡಿಕೊಂಡಾಗ ಬೂದಿಯಲ್ಲಿರುವ ಕ್ಷಾರವು ಆ ಸಿಲಿಕಾವನ್ನು ಕರಗಿಸಿ ಗಾಜಾಗಿಸುತ್ತದೆ. ಮನೆಯ ಒಲೆಗೆ ಆ ಕಾವು ಎಲ್ಲಿಂದ ಬರಬೇಕು!

ಬೂದಿ ಯಾವುದರದೆಂದು ತಿಳಿಯಿತು. ಯಾವಾಗಿನದು ಎಂಬ ಪ್ರಶ್ನೆಯ ದಾರಿ ಇದಕ್ಕಿಂತ ಸೊಗಸಾದದ್ದು. ಬಳ್ಳಾರಿಗೆ ದೂರವೇನಲ್ಲದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ, ರೋಮಿನ ವ್ಯಾಪಾರದ ಕಾಲಕ್ಕೆ ಸೇರುವ ಮಡಕೆಚೂರುಗಳ ಪದರದಿಂದ ಕೆಳಕ್ಕೆ ಎಣಿಸುತ್ತ ಹೋಗಿ, ಕಲ್ಲಿನ ಕೊಡಲಿಯ ಜನ ಕ್ರಿ.ಪೂ. ಮೊದಲ ಸಹಸ್ರಮಾನದವರೆಂದು ಲೆಕ್ಕ ಕಟ್ಟಿದರು. ಅವರ ಕೈಯಲ್ಲಿದ್ದ ಸಾಕ್ಷಿಗೆ ಅದು ಒಪ್ಪುವ ಲೆಕ್ಕವೇ. ಅದೇ ಹೊತ್ತಿಗೆ ಅಮೆರಿಕದಲ್ಲಿ ವಿಲ್ಲರ್ಡ್ ಲಿಬ್ಬಿ ಇದ್ದಿಲಿನಲ್ಲಿ ಉಳಿದ ಇಂಗಾಲ-14ರಿಂದ ವಯಸ್ಸು ಹೇಳುವ ವಿಧಾನವನ್ನು ರೂಪಿಸುತ್ತಿದ್ದರು. ಉಟ್ನೂರಿನ ಇದ್ದಿಲನ್ನು ಆ ವಿಧಾನಕ್ಕೆ ಒಡ್ಡಿದಾಗ ಕಾಲವು ಒಮ್ಮೆಗೇ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಜಿಗಿದು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋಯಿತು.

ಅಷ್ಟಾದ ಮೇಲೆ ಅಳತೆಗೋಲನ್ನೇ ಅಳೆಯಬೇಕಾಗಿ ಬಂತು. ಇಂಗಾಲ-14 ಅರ್ಧಕ್ಕಿಳಿಯಲು 5,568 ವರ್ಷ ಬೇಕೆಂದು ಲಿಬ್ಬಿ ಇಟ್ಟುಕೊಂಡಿದ್ದರು; ಮುಂದಿನ ಅಳತೆಗಳು ಅದು 5,730ಕ್ಕೆ ಹತ್ತಿರವೆಂದು ತೋರಿಸಿದವು. ಗಾಳಿಯಲ್ಲಿ ಈ ಇಂಗಾಲದ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಎಂದು ನಂಬಿದ್ದರು; ಹಳೆಯ ಮರಗಳ ಬೆಳವಣಿಗೆಯ ಉಂಗುರಗಳನ್ನು ಒಂದೊಂದಾಗಿ ಎಣಿಸಿ, ಆಯಾ ವರ್ಷದ ಉಂಗುರದ ಇಂಗಾಲವನ್ನು ಅಳೆದಾಗ ಅದೂ ಏರಿಳಿಯುತ್ತಿತ್ತೆಂದು ಗೊತ್ತಾಯಿತು. ಆ ಉಂಗುರಗಳ ತಿದ್ದುಪಡಿಯನ್ನು ಸೇರಿಸಿದರೆ ಉಟ್ನೂರಿನ ಕಾಲ ಇನ್ನೂ ಕೆಲವು ಶತಮಾನ ಹಿಂದೆ ಸರಿಯುತ್ತದೆ. ಈ ತಿದ್ದುಪಡಿಯ ಪಟ್ಟಿಯನ್ನು 2020ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿದ್ದಾರೆ; ಈ ಕಾಲದ ಮಟ್ಟಿಗೆ ಈಗ ಆಗುವ ವ್ಯತ್ಯಾಸ ಶತಮಾನಗಳದ್ದಲ್ಲ, ಹೆಚ್ಚೆಂದರೆ ದಶಕಗಳದ್ದು. ದ್ವಾಪರಯುಗದಿಂದ ವಿಜಯನಗರಕ್ಕೆ, ಅಲ್ಲಿಂದ ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ, ಅಲ್ಲಿಂದ ಮೂರನೆಯ ಸಹಸ್ರಮಾನಕ್ಕೆ ಓಡಾಡಿದ ಲೆಕ್ಕ ಈಗ ನಿಂತಲ್ಲೇ ತುಸು ಅಲುಗುತ್ತಿದೆ. ತಪ್ಪು ಇಲ್ಲವಾಗಿಲ್ಲ, ಕುಗ್ಗಿದೆ.

"ಇವತ್ತೊಂದು ಹೇಳ್ತಾರ, ನಾಳೆ ಇನ್ನೊಂದು ಹೇಳ್ತಾರ, ಯಾವ್ದು ನಂಬೋದು?" ಎಂಬ ಮಾತನ್ನು ಚಹಾದಂಗಡಿಗಳಲ್ಲಿ ಕೇಳುವಾಗ ನನಗೆ ಈ ಓಡಾಟವೇ ನೆನಪಾಗುತ್ತದೆ. ಹೇಳಿದ್ದನ್ನು ಬದಲಿಸುವುದು ಒಂದು, ಹೇಗೆಂದರೆ ಹಾಗೆ ಬದಲಿಸುವುದು ಇನ್ನೊಂದು. ಗೊರಸಿನ ಅಚ್ಚು ಸಿಕ್ಕ ಮೇಲೆ ಜ್ವಾಲಾಮುಖಿಗೆ ಮರಳಿದ ವಿದ್ವಾಂಸರನ್ನು ನಾನು ಕಾಣೆ. ಮುಂದಿನ ಜಗಳವೆಲ್ಲ ಸಗಣಿಯನ್ನು ಒಪ್ಪಿಕೊಂಡವರ ನಡುವಿನದು.

ಉತ್ತರ ಮೊದಲು ಬಂದು ಸಾಕ್ಷಿ ಎಷ್ಟೋ ಕಾಲದ ಮೇಲೆ ಬಂದದ್ದೂ ನಮ್ಮ ಸೀಮೆಯಲ್ಲಿಯೇ ಉಂಟು. ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಓದಿದ ಜೇಮ್ಸ್ ಪ್ರಿನ್ಸೆಪ್, ಶಾಸನಗಳಲ್ಲಿ ಬರುವ "ದೇವಾನಾಂಪ್ರಿಯ ಪ್ರಿಯದರ್ಶಿ" ಸಿಂಹಳದ ಅರಸನಿರಬೇಕೆಂದು ಮೊದಲು ತಿಳಿದರು. ಪಾಳಿಯ ವಂಶಕಥನಗಳನ್ನು ಬಲ್ಲ ಜಾರ್ಜ್ ಟರ್ನರ್ ಬೇಗನೆ ಅದನ್ನು ತಿದ್ದಿ ಆತ ಅಶೋಕನೆಂದರು. ಆದರೆ ಅಶೋಕ ಎಂಬ ಹೆಸರೇ ಇರುವ ಶಾಸನ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ. ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಚಿನ್ನ ಹುಡುಕಲು ಬಂದವರಿಗೆ ಅರಸನ ಹೆಸರು ಸಿಕ್ಕಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದ ಶಾಸನಗಳಲ್ಲಿಯೂ ಆ ಹೆಸರು ಕಾಣಿಸಿಕೊಂಡಿತು. ಮಸ್ಕಿಯ ಬಂಡೆಯಲ್ಲಿ ಬೇರೆ ಹೆಸರಿದ್ದಿದ್ದರೆ ಎಪ್ಪತ್ತೆಂಟು ವರ್ಷಗಳ ಪಾಂಡಿತ್ಯವನ್ನು ತಿದ್ದಿ ಬರೆಯಬೇಕಾಗುತ್ತಿತ್ತು. ಆ ಅಪಾಯಕ್ಕೆ ತೆರೆದುಕೊಂಡೇ ಅದು ಉಳಿದುಬಂತೆಂಬುದು ನನಗೆ ಹೆಸರಿಗಿಂತ ದೊಡ್ಡದಾಗಿ ಕಾಣುತ್ತದೆ.

ಮತ್ತೆ ಬೂದಿಗೆ ಬರುತ್ತೇನೆ. ದನಗಾಹಿಗಳೆಂದು ಒಪ್ಪಿದ ಮೇಲೆ ಅವರು ಬರೀ ದನಗಾಹಿಗಳೇ ಎಂಬ ಪ್ರಶ್ನೆ ಹುಟ್ಟಿತು. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಹಿಂದೆ ಅಗೆದಾಗ ಕೊಡಲಿ, ಮಡಕೆಚೂರು, ಮೂಳೆಗಳ ಮೇಲೆಯೇ ಹೆಚ್ಚಿನ ಗಮನವಿತ್ತು. 1990ರ ದಶಕದ ಕೊನೆಯಿಂದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದವರು ಮಣ್ಣನ್ನೇ ನೀರಿಗೆ ಹಾಕತೊಡಗಿದರು. ಬಕೆಟ್ಟಿನಲ್ಲಿ ಮಣ್ಣು ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ, ಸುಟ್ಟು ಇದ್ದಿಲಾದ ಕಾಳು ಹಗುರವಾದುದರಿಂದ ಮೇಲೆ ತೇಲುತ್ತದೆ. ತೇಲಿದ್ದನ್ನು ಸಣ್ಣ ಕಣ್ಣಿನ ಜಾಲರಿಯಲ್ಲಿ ಹಿಡಿದು ನೆರಳಲ್ಲಿ ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಊಟದ ಪಟ್ಟಿ ಸಿಗುತ್ತದೆ. ಅಕ್ಕಿ ತೊಳೆಯುವಾಗ ಜೊಳ್ಳು ಮೇಲೆ ಬರುವುದನ್ನು ದಿನವೂ ನೋಡುವ ಮನೆಗಳಿಗೆ ಈ ತಂತ್ರವನ್ನು ವಿವರಿಸಬೇಕಾಗಿಲ್ಲ. ತೇಲಿಬಂದದ್ದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ದನದ ಜೊತೆ ಬೇಸಾಯವೂ ಇತ್ತು. ಇತ್ತ ಸುರಪುರದ ಬೂದಿಹಾಳದಲ್ಲಿ ಅಗೆದ ಕೆ. ಪದ್ದಯ್ಯ ಬೂದಿಗುಡ್ಡದ ಪಕ್ಕದಲ್ಲೇ ಜನರ ವಾಸದ ನೆಲೆಯನ್ನು ತೋರಿಸಿದರು. ಋತುವಿಗೊಮ್ಮೆ ಬಂದು ಹೋಗುವ ಹಟ್ಟಿಗಳೆಂಬ ಹಳೆಯ ಚಿತ್ರಕ್ಕೆ ಅದರಿಂದ ದೊಡ್ಡ ತಿದ್ದುಪಡಿಯಾಯಿತು. ಬಳ್ಳಾರಿಯಲ್ಲಿ ಈಗ ಫೂಟ್ ಅವರ ಹೆಸರಿನಲ್ಲೇ ಒಂದು ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯವಿದೆ. ಊರಿನವರಿಗಿಂತ ಹೊರಗಿನವರೇ ಅದನ್ನು ಹೆಚ್ಚು ಬಲ್ಲರೇನೋ ಎಂಬ ಗುಮಾನಿ ನನ್ನದು.

ಇಷ್ಟೆಲ್ಲ ಆದರೂ ಉಳಿದಿರುವ ಪ್ರಶ್ನೆಯನ್ನು ನನ್ನೆದುರು ಎತ್ತಿದವರು ಸಂಗನಕಲ್ಲಿನ ಕಡೆಯ ಹಿರಿಯ ರೈತರೊಬ್ಬರು. ಸಗಣಿಯ ವಿಚಾರವನ್ನು ತಲೆಯಾಡಿಸುತ್ತ ಕೇಳಿಸಿಕೊಂಡ ಅವರು, "ಅಲ್ಲ ಸಾರ್, ಅಷ್ಟು ಗೊಬ್ರಾನ ಹೊಲಕ್ಕ ಹಾಕೋದು ಬಿಟ್ಟು ಸುಟ್ಟಾರಂದ್ರ, ಎಂಥಾ ರೈತ್ರು ಅವ್ರು?" ಎಂದು ಕೇಳಿದರು.

ಸಂಕ್ರಾಂತಿಯ ಹೊತ್ತಿಗೆ ಕೆಲವು ಕಡೆ ದನಗಳನ್ನು ಬೆಂಕಿ ಹಾಯಿಸುವಂತೆ, ಹಬ್ಬದ ಆಚರಣೆಯಾಗಿ ಸುಟ್ಟಿರಬಹುದೆಂದು ಆಲ್ಚಿನ್ ಅವರ ಊಹೆ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. "ಹಬ್ಬಕ್ಕ ಒಂದು ಕಂತೆ ಹುಲ್ಲು ಸಾಕು, ತಿಪ್ಪಿ ಯಾಕ ಸುಡ್ತಾರ? ಉಣ್ಣಿ ಆಗಿರಬೇಕು ದನಕ್ಕ. ದೊಡ್ಡ್ಯಾಗ ಉಣ್ಣಿ ಬಿತ್ತಂದ್ರ ಸುಡದs ಹಾದಿ."

ದೊಡ್ಡಿಯನ್ನು ಸ್ವಚ್ಛವಾಗಿಡಲು ಸುಟ್ಟಿರಬಹುದೆಂಬ ವಾದ ವಿದ್ವಾಂಸರಲ್ಲಿಯೂ ಇದೆ, ತಾತ, ಎಂದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಹಬ್ಬವೋ ಉಣ್ಣಿಯೋ ಎಂದು ತಿಳಿಯಬೇಕಾದರೆ ಒಂದು ಗುಡ್ಡದಲ್ಲಿ ಎಷ್ಟು ಸಲ, ಎಷ್ಟೆಷ್ಟು ವರ್ಷಗಳ ಅಂತರದಲ್ಲಿ ಬೆಂಕಿಯಿಟ್ಟರೆಂದು ಪದರ ಪದರವಾಗಿ ಲೆಕ್ಕ ಹಾಕಬೇಕು. ಅದಕ್ಕೆ ಯಾರೂ ಕೆದಕದ ಗುಡ್ಡಗಳು ಬೇಕು. ಹಲವು ಗುಡ್ಡಗಳನ್ನು ರಸ್ತೆ ಸೀಳಿದೆ, ಸಂಗನಕಲ್ಲಿನ ಹಿರೇಗುಡ್ಡದ ಸುತ್ತ ಕಲ್ಲುಗಣಿ ಬಾಯಿಹಾಕಿದೆ, ಇನ್ನು ಎಷ್ಟೋ ಗುಡ್ಡಗಳ ಬೂದಿಯನ್ನು ಗೊಬ್ಬರವೆಂದು ಹೇರಿಕೊಂಡು ಹೋಗಿದ್ದಾರೆ. ಇದನ್ನು ಹೇಳಿದಾಗ ತಾತ, ತಮ್ಮ ಅಜ್ಜನೂ ಗಾಡಿಗಟ್ಟಲೆ ಹೊಡೆದಿದ್ದನೆಂದೂ, ಆ ಹೊಲದಲ್ಲಿ ಇವತ್ತಿಗೂ ಜೋಳ ಚೆನ್ನಾಗಿ ಬರುತ್ತದೆಂದೂ, ಬೇಕಾದರೆ ಆ ಮಣ್ಣನ್ನೂ ನೀರಿಗೆ ಹಾಕಿ ನೋಡಬಹುದೆಂದೂ ಹೇಳಿದರು.