ಸಿವಿಲ್ ಕೋರ್ಟಿಗೆ ಮರ್ಡರ್ ಯಾಕೆ ಬೇಕು?

ನಮ್ಮ ಚಿಕ್ಕಮ್ಮನ ಮಗ ಬೆಂಗಳೂರಲ್ಲಿ ಸೀರಿಯಲ್‌ಗೆ ಡೈಲಾಗ್ ಬರೀತಾನೆ. ಮೊನ್ನೆ ರಾತ್ರಿ ಫೋನ್ ಮಾಡಿ "ಅಣ್ಣಾ, ನೀನು ಗೋವಾದ ಮಡಗಾಂವ್‌ನಲ್ಲಿ ಲಾಯರ್ ಆಫೀಸಲ್ಲೇ ಟೈಪಿಂಗ್ ಮಾಡ್ತೀಯಲ್ಲ, ಸಿವಿಲ್ ವಕೀಲರ ಮೇಲೆ ಒಂದು ಸೀರಿಯಲ್ ಮಾಡ್ತಿದೀವಿ, ಆದ್ರೆ ಮೂರನೇ ವಾರಕ್ಕೆ ಒಂದು ಮರ್ಡರ್ ಹಾಕ್ಲೇಬೇಕಂತೆ" ಅಂದ. ಬ್ಯಾಡೋ ತಮ್ಮಾ ಅಂದೆ.

ಇವರಿಗೆಲ್ಲ ಕೋರ್ಟು ಅಂದ್ರೆ ಕಟಕಟೆ, ಕಣ್ಣೀರು, ಟೇಬಲ್ ಗುದ್ದೋ ಲಾಯರು. ಸಿವಿಲ್ ದಾವೆಯಲ್ಲಿ, ಅಂದ್ರೆ ಆಸ್ತಿ, ಹಣದಂಥ ತಕರಾರಲ್ಲಿ, ಕಾನೂನಿಗೆ 2002ರ ತಿದ್ದುಪಡಿ ಆದ್ಮೇಲೆ ಸಾಕ್ಷಿ ತನ್ನ ಕತೆ ಬಾಯಲ್ಲಿ ಹೇಳೋದೂ ಇಲ್ಲ, ಮುಖ್ಯ ವಿಚಾರಣೆ, ಅಂದ್ರೆ ಸಾಕ್ಷಿಯ ಮೊದಲ ಹೇಳಿಕೆ, ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್‌ನಲ್ಲಿ ಬರುತ್ತೆ, ಅದನ್ನ ಟೈಪ್ ಮಾಡೋದು ನನ್ನಂಥವರು, ಎದುರು ವಕೀಲರ ಪಾಟೀ ಸವಾಲು ಮಾತ್ರ ಬಾಯಲ್ಲಿ. ಹಂಗಂತ ಡ್ರಾಮಾ ಇಲ್ಲ ಅಂತಲ್ಲ, ಅದು ಬೇರೆ ಕಡೆ ಕೂತಿರುತ್ತೆ ಅಷ್ಟೆ.

ನಮ್ಮನೇದೇ ಹೇಳ್ತೀನಿ. ಹಾನಗಲ್ ಕಡೆ ನಮ್ಮಪ್ಪ ಅವರ ಅಣ್ಣತಮ್ಮಂದಿರ ಮೇಲೆ ಪಾಲಿನ ದಾವೆ ಹಾಕಿದ್ರು. ವಾಯಿದೆ ದಿನ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗೋದು, ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಎದುರು ಪಾರ್ಟಿ ದೊಡ್ಡಪ್ಪನ ಜೊತೆನೇ ಬಿಚ್ಚಿ ತಿನ್ನೋದು, ಇಬ್ಬರೂ ಒಂದೇ ಬಸ್ಸಿಗೆ ವಾಪಸ್ಸು, ಆದ್ರೆ ಬೇರೆ ಬೇರೆ ಸೀಟು. ಕೊನೆಗೆ ಡಿಕ್ರಿ, ಅಂದ್ರೆ ಕೋರ್ಟಿನ ತೀರ್ಪಿನ ಆದೇಶ, ಆಯ್ತು ಅಂತ ಅಪ್ಪ ಓಣಿಗೆಲ್ಲ ಪೇಡೆ ಹಂಚಿದ್ರು. ಆಮೇಲೆ ಗೊತ್ತಾಯ್ತು ಅದು ಬರೀ ಪ್ರಾಥಮಿಕ ಡಿಕ್ರಿ, ನಿನ್ನ ಪಾಲು ಇಷ್ಟು ಅಂತ ಹೇಳೋದು ಮಾತ್ರ, ಹೊಲ ಅಳೆದು ಕೊಡೋಕೆ ಮತ್ತೆ ಫೈನಲ್ ಡಿಕ್ರಿ, ಕಂದಾಯದ ಜಮೀನು ಅಂದ್ರೆ ಅದು ಡಿಸಿ ಆಫೀಸಿಗೆ ಹೋಗಿ ಸರ್ವೆಯವರು ಬರಬೇಕು. ನಮ್ಮ ವಕೀಲರು ಅದನ್ನ ಮೊದಲೇ ಬಾಯಿಬಿಟ್ಟು ಹೇಳಿರಲಿಲ್ಲ. ಆ ಪೇಡೆ ಡಬ್ಬಿ ಕೈಯಲ್ಲಿ ಹಿಡಕೊಂಡು ಅಪ್ಪ ಕೂತಿದ್ದು ಇವತ್ತಿಗೂ ಕಣ್ಣ ಮುಂದಿದೆ. ಇದಕ್ಕಿಂತ ಬೇರೆ ಎಪಿಸೋಡ್ ಬೇಕಾ?

ಈಗ ಗೋವಾ ನೋಡಿ, ಪದ್ಧತಿನೇ ಬೇರೆ. ಇಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಕುಟುಂಬ ಕಾನೂನು ಇನ್ನೂ ಉಳಕೊಂಡಿದೆ, ಜಾತಿ ಧರ್ಮ ಯಾವುದಾದರೂ. ಬೇರೆ ಕರಾರು ಮಾಡಿಕೊಳ್ಳದಿದ್ರೆ ಗಂಡನ ಆಸ್ತಿಯಲ್ಲಿ ಹೆಂಡ್ತಿಗೆ ಅರ್ಧ, ಅವಳ ಸಹಿ ಇಲ್ಲದೆ ಮನೆ ಮಾರೋ ಹಾಗಿಲ್ಲ. ಮಕ್ಕಳಿದ್ರೆ ಉಯಿಲು ಬರೆದು ಎಲ್ಲಾ ಒಬ್ಬನಿಗೇ ಕೊಡೋಕೂ ಆಗಲ್ಲ, ಅರ್ಧ ಅವರೆಲ್ಲರಿಗೂ ಮೀಸಲು. ನಮ್ಮ ಕಡೆ ಸ್ವಂತ ದುಡಿದದ್ದನ್ನ ಅಪ್ಪ ಯಾರಿಗೆ ಬೇಕಾದ್ರೂ ಬರೆದುಬಿಡಬಹುದು, ಸಿಟ್ಟು ಬಂದ್ರೆ ಮಠಕ್ಕೆ ಬರೆದರೂ ಮುಗೀತು.

ಪಾಲು ಮಾಡೋಕೆ ಇಲ್ಲಿ ಇನ್ವೆಂಟರಿ ಅಂತ ಪ್ರೊಸೀಡಿಂಗ್. ಸತ್ತವರ ಆಸ್ತಿನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ ಬೆಲೆ ಕಟ್ಟಿ, ಒಪ್ಪಂದ ಆಗದಿದ್ರೆ ಕೋರ್ಟಲ್ಲೇ ವಾರಸುದಾರರ ನಡುವೆ ಹರಾಜು, ಲಿಸಿಟೇಶನ್ ಅಂತಾರೆ. ಅಣ್ಣ ತಂಗಿ ಎದುರುಬದುರು ಕೂತು ಹುಟ್ಟಿದ ಮನೆಗೆ ಬಿಡ್ ಕೂಗ್ತಾರೆ ರೀ! ದುಬೈಯಿಂದನೋ ಲಿಸ್ಬನ್‌ನಿಂದನೋ ಬಂದ ಅಣ್ಣ ಕೂಗಿದ್ರೆ, ಇಷ್ಟು ವರ್ಷ ಅಮ್ಮನ್ನ ನೋಡಿಕೊಂಡು ಅದೇ ಮನೇಲಿದ್ದ ತಂಗಿ ಹತ್ರ ಕೂಗೋಕೆ ದುಡ್ಡಿಲ್ಲ, ಅವಳ ಪಾಲಿನ ಹಣ ಕೈಗೆ ಬರುತ್ತೆ, ಮನೆ ಹೋಗುತ್ತೆ. ಅನ್ಯಾಯ ಮಾಡಿದ್ದು ಯಾರು ಅಂತ ಕೇಳಿ, ಯಾರೂ ಇಲ್ಲ, ಜಡ್ಜ್ ಸಾಹೇಬ್ರೂ ಸರಿ, ಅಣ್ಣನೂ ಕಾನೂನು ಪ್ರಕಾರ ಸರಿ.

ನನ್ನ ಕೇಳಿದ್ರೆ ಅರ್ಧ ಕತೆ ಹಾನಗಲ್, ಅರ್ಧ ಮಡಗಾಂವ್. ಇಲ್ಲಿ ಮದುವೆಯಾಗಿ ನೆಲೆಸಿದ ಕನ್ನಡದ ಹೆಣ್ಣುಮಗಳು ಗಂಡ ಸತ್ತಾಗ ಇಲ್ಲಿ ಅರ್ಧಕ್ಕೆ ಒಡತಿ, ತವರಲ್ಲಿ ಪಾಲು ಕೇಳೋಕೆ ಹೋದ್ರೆ ಅಣ್ಣಂದಿರು "ಮದುವೇಲಿ ಕೊಟ್ಟಿದ್ದು ಸಾಲದಾ" ಅಂತಾರೆ, ಕಾನೂನು ಅಲ್ಲೂ ಸಮಪಾಲು ಅಂತ ಬರೆದಿದ್ರೂ.

ತಮ್ಮ ಪೂರ್ತಿ ಕೇಳಿ ಸುಮ್ಮನಿದ್ದ. ಆಮೇಲೆ "ಅಣ್ಣಾ, ಹರಾಜು ಸೀನು ಸೂಪರ್, ಆದ್ರೆ ತಂಗಿ ಕೊನೆಗೆ ಗೆಲ್ಲಬೇಕು, ಪ್ರೈಮ್ ಟೈಮ್" ಅಂದ. ಯಾರ ದುಡ್ಡಲ್ಲಿ ಗೆಲ್ತಾಳೋ ಅಂತ ಕೇಳಿದ್ದೀನಿ. ಇನ್ನೂ ಫೋನ್ ಮಾಡಿಲ್ಲ.