ಪಾಲು ಮಾಡಿದರೆ ಜಗಳ ಮುಗಿಯುತ್ತದೆ ಅನ್ನುವವರಿಗೆ

ನಿನ್ನೆ ಸಿಂಧನೂರಿನಲ್ಲಿ ಮದುವೆ ಊಟಕ್ಕೆ ಕೂತಾಗ ಕೇಳಿದ ಮಾತು ಇನ್ನೂ ಹೊಟ್ಟೆಯಲ್ಲಿ ಕುದಿಯುತ್ತಿದೆ. ದೇಶ ವಿಭಜನೆಯ, ಹಿಂದೂ-ಮುಸ್ಲಿಮರ ಮಾತು ಬಂತು. ಓದಿದ ಹುಡುಗ, ಒಳ್ಳೆಯ ಕೆಲಸದಲ್ಲಿದ್ದಾನೆ. "ನಲವತ್ತೇಳರಲ್ಲೇ ಪೂರ್ತಿ ಪಾಲು ಮಾಡಿಬಿಡಬೇಕಿತ್ತು ನೋಡ್ರಿ. ಅವರೆಲ್ಲ ಆ ಕಡೆ, ನಾವೆಲ್ಲ ಈ ಕಡೆ. ಅಣ್ಣತಮ್ಮ ಬೇರೆಯಾದರೆ ಜಗಳ ಇರಲ್ಲ" ಅಂದ. ಸುತ್ತ ಕೂತವರು ಹೌದೌದು ಅಂತ ತಲೆಯಾಡಿಸಿದರು. ನಾನು ಮಜ್ಜಿಗೆಗೂ ಕಾಯದೆ ಎದ್ದು ಬಂದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರು ಯಾರಾದರೂ ಈ ಮಾತು ಒಪ್ಪುತ್ತಾರಾ? ಪಾಲಾದ ಮೇಲೇ ಅಲ್ವಾ ಬದುವಿನ ಜಗಳ, ನೀರಿನ ಸರದಿಯ ಜಗಳ, ಬಂಡಿ ದಾರಿಯ ಜಗಳ ಶುರುವಾಗೋದು? ಪಾಲು ಮಾಡಿಕೊಂಡ ಅಪ್ಪಂದಿರು ಮಣ್ಣಾದರೂ ಮಕ್ಕಳು ಇನ್ನೂ ಕೋರ್ಟಿಗೆ ಅಲೆಯುತ್ತಿರುತ್ತಾರೆ.

ಆದರೆ ಅವನು ಈ ಮಾತನ್ನು ಸಿಂಧನೂರಿನಲ್ಲೇ ಕೂತು ಆಡಿದನಲ್ಲ, ಅದಕ್ಕೆ ನನಗೆ ಸಿಟ್ಟು ಜಾಸ್ತಿ. ಆರ್‌.ಎಚ್‌. ಕ್ಯಾಂಪುಗಳು, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು, ಎಷ್ಟು ದೂರ ಇವೆ? ನಮ್ಮ ಹೊಲಕ್ಕೆ ಹೋಗುವ ದಾರಿಯೇ ಅದು, ನಿಮಗೆ ಗೊತ್ತು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಶುರುವಿನಲ್ಲಿ ಸರ್ಕಾರ ಇಲ್ಲಿ ಜಮೀನು ಕೊಟ್ಟು ಕೂರಿಸಿತು. ಹೊಳೆ, ದೋಣಿ, ಮೀನು ನೋಡಿ ಬೆಳೆದವರು ನಮ್ಮ ಎರೆ ನೆಲಕ್ಕೆ, ಈ ಬಿಸಿಲಿಗೆ ಬಂದರು. ಇವತ್ತು ಅವರ ಮೊಮ್ಮಕ್ಕಳು ನಮ್ಮ ಹಾಗೆಯೇ "ಏನ್ರೀ, ಹೆಂಗದೀರಿ" ಅಂತಾರೆ. ದಸರಾ ಬಂದರೆ ದುರ್ಗಾಪೂಜೆ ಪೆಂಡಾಲಿಗೆ ಸುತ್ತಲ ಹಳ್ಳಿಯವರೂ ಹೋಗುತ್ತಾರೆ.

ಅವರಲ್ಲಿ ಹೆಚ್ಚಿನವರು ನಾಮಶೂದ್ರರು, ಬಂಗಾಳದ ಒಂದು ದಲಿತ ಸಮುದಾಯದವರು. ಆ ಜನರದೇ ನಾಯಕ ಜೋಗೇಂದ್ರನಾಥ ಮಂಡಲ್. 1946ರಲ್ಲಿ ಬಂಗಾಳದಿಂದ ಅಂಬೇಡ್ಕರ್ ಸಂವಿಧಾನ ಸಭೆಗೆ ಆರಿಸಿ ಹೋಗಲು ನೆರವಾದ ಮನುಷ್ಯ. ಜಿನ್ನಾ ಮಾತನ್ನು ನಂಬಿ ಪಾಕಿಸ್ತಾನದಲ್ಲೇ ಉಳಿದರು, ಅಲ್ಲಿನ ಮೊದಲ ಕಾನೂನು ಮಂತ್ರಿಯಾದರು. 1950ರಲ್ಲಿ ಪೂರ್ವ ಬಂಗಾಳದಲ್ಲಿ ತಮ್ಮ ಜನರ ಮೇಲೆ ನಡೆದ ಹಿಂಸೆಯನ್ನು ನೋಡಿ ಅದೇ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದುಬಿಟ್ಟರು. ಮಂತ್ರಿಗೇ ಆ ಗತಿ ಬಂದ ಮೇಲೆ ಮೀನು ಹಿಡಿಯುವವನ ಕಥೆ ಏನು? 1950ರಲ್ಲಿ ಓಡಿದರು. 1964ರ ಗಲಭೆಯಲ್ಲಿ ಓಡಿದರು. 1971ರಲ್ಲಂತೂ ಸುಮಾರು ಒಂದು ಕೋಟಿ ಜನ, ಹಿಂದೂಗಳೂ ಮುಸ್ಲಿಮರೂ, ಗಡಿ ದಾಟಿದರು. ಗೆರೆ ಎಳೆದದ್ದು ಒಂದು ಸಲ. ಓಡುವುದು ನಿಲ್ಲಲೇ ಇಲ್ಲ.

ಆ ಗೆರೆ ಎಳೆದದ್ದಾದರೂ ಹೇಗೆ! ಅದಕ್ಕೂ ಮೊದಲು ಭಾರತಕ್ಕೆ ಕಾಲಿಡದಿದ್ದ ಬ್ರಿಟಿಷ್ ವಕೀಲ ಸಿರಿಲ್ ರ‍್ಯಾಡ್‌ಕ್ಲಿಫ್ ಜುಲೈ 8ಕ್ಕೆ ಬಂದರು. ಐದು ವಾರದಲ್ಲಿ ಪಂಜಾಬ್, ಬಂಗಾಳ ಎರಡನ್ನೂ ಕೊಯ್ದರು. ಗಡಿ ಎಲ್ಲಿದೆ ಅಂತ ಜನರಿಗೆ ತಿಳಿಸಿದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ.

"ಅವರೆಲ್ಲ ಆ ಕಡೆ" ಅಂದವನಿಗೆ ಢಾಕಾದ ಜಿನೀವಾ ಕ್ಯಾಂಪ್ ಗೊತ್ತಿರಲಿಕ್ಕಿಲ್ಲ. ಬಿಹಾರದ ಮುಸ್ಲಿಮರು "ನಮ್ಮ ದೇಶ" ಅಂತ ನಂಬಿ ಪೂರ್ವ ಪಾಕಿಸ್ತಾನಕ್ಕೆ ಹೋದರು. ಅಲ್ಲಿ ಧರ್ಮ ಒಂದೇ ಇತ್ತು, ಆದರೆ ಇವರದು ಉರ್ದು, ಅವರದು ಬಂಗಾಳಿ. 1952ರ ಫೆಬ್ರವರಿ 21ರಂದು ಬಂಗಾಳಿ ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಢಾಕಾದಲ್ಲಿ ಗುಂಡು ಹಾರಿತು. ಧರ್ಮದ ಹೆಸರಲ್ಲಿ ಕಟ್ಟಿದ ದೇಶ 24 ವರ್ಷಕ್ಕೇ ಒಡೆದು ಎರಡಾಯಿತು, ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಯಿತು. ಬಿಹಾರಿಗಳು ಯಾರಿಗೂ ಬೇಡವಾಗಿ ಕ್ಯಾಂಪು ಸೇರಿದರು. ಬಾಂಗ್ಲಾದೇಶದ ಕೋರ್ಟು "ಇವರೂ ನಮ್ಮ ಪ್ರಜೆಗಳೇ" ಅಂತ ತೀರ್ಪು ಕೊಟ್ಟದ್ದು 2008ರಲ್ಲಿ. ಈ ಕಡೆಯವರಿಗೆ ಸಿಂಧನೂರಿನ ಕ್ಯಾಂಪು, ಆ ಕಡೆಯವರಿಗೆ ಢಾಕಾದ ಕ್ಯಾಂಪು. ಪೂರ್ತಿ ಪಾಲು ಅಂದರೆ ಇಂಥ ಕ್ಯಾಂಪು ಇನ್ನೆಷ್ಟು ಬೇಕಿತ್ತು?

ಕಾಮೆಂಟಿನಲ್ಲಿ ಬರೆಯುತ್ತೀರಿ, ಗೊತ್ತು. "1946ರ ಆಗಸ್ಟಿನಲ್ಲಿ ಕಲ್ಕತ್ತಾದ ಹಿಂದೂ-ಮುಸ್ಲಿಂ ಗಲಭೆಯಲ್ಲಿ ಸಾವಿರಾರು ಜನ ಸತ್ತರು, ಬೇರೆ ದಾರಿ ಎಲ್ಲಿತ್ತು?" ಅಂತ. ಇರಲಿಲ್ಲವೇನೋ, ಆ ವಾದ ಇವತ್ತಿಗೆ ಬೇಡ. ಆದರೆ ರಕ್ತ ನಿಲ್ಲಿಸಲು ದೇಶ ಒಡೆದೆವು ಅಂದರೆ, ಒಡೆದ ಮೇಲೆ ಎಷ್ಟು ಹರಿಯಿತು ಅನ್ನುವುದನ್ನೂ ನೋಡಬೇಕಲ್ಲ. ಸತ್ತವರ ಲೆಕ್ಕ ಎರಡು ಲಕ್ಷ ಅನ್ನುವವರಿದ್ದಾರೆ, ಇಪ್ಪತ್ತು ಲಕ್ಷ ಅನ್ನುವವರಿದ್ದಾರೆ. ಮನೆಮಠ ಬಿಟ್ಟವರು ಕೋಟಿಗೂ ಜಾಸ್ತಿ. ಆಮೇಲಿನ ಯುದ್ಧಗಳು ಬೇರೆ.

ನಮ್ಮ ರಾಯಚೂರು, ಕೊಪ್ಪಳಕ್ಕೂ ಅದರ ಬಿಸಿ ತಟ್ಟಿತ್ತು. ಆಗ ನಾವು ನಿಜಾಮರ ಪ್ರಜೆಗಳು, ಹೊಳೆಯಾಚೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯ. ನನ್ನ ಅಜ್ಜಿಯ ತವರು ಕೊಪ್ಪಳದ ಕಡೆ. ನಿಜಾಮರ ಪರ ನಿಂತ ರಜಾಕಾರ ಪಡೆಯವರು ಬರುತ್ತಾರೆ ಅಂತ ಜೋಳದ ಹಗೇವಿಗೆ ಮಣ್ಣು ಮುಚ್ಚಿ, ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ಮುಂಡರಗಿ ಕಡೆ ನಡೆದದ್ದನ್ನು ಹೇಳುತ್ತಿದ್ದಳು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದ ಮೇಲೆ ಊರಿಗೆ ವಾಪಸಾದಾಗ ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಅತ್ತರು ಮಾರುತ್ತಿದ್ದವರ ಮನೆ. ಯಾರ ತಂಟೆಗೂ ಹೋದವರಲ್ಲ. ಎಲ್ಲಿ ಹೋದರು, ಬದುಕಿದ್ದರೋ ಇಲ್ಲವೋ, ಕಡೆಗೂ ತಿಳಿಯಲಿಲ್ಲ. ಆ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಮುಸ್ಲಿಮರಿಗೆ ಏನೇನಾಯಿತು ಅಂತ ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ವರದಿ ಬರೆದಿದೆ, ಓದಿ. ಅಜ್ಜಿ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಎರಡಕ್ಕೂ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಈಗಿನವರು ತಮಗೆ ಬೇಕಾದ ಅರ್ಧ ಮಾತ್ರ ಹೇಳುತ್ತಾರೆ. ನನಗದು ತಡೆಯಲಾಗುವುದಿಲ್ಲ.

ಕ್ಯಾಂಪಿನಲ್ಲಿ ನಮಗೆ ಪರಿಚಯದ ಒಂದು ಮನೆಯಿದೆ. ಅಲ್ಲಿನ ಅಜ್ಜ ಗಡಿ ದಾಟುವಾಗ ಕೊಟ್ಟ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಾರೆ. ಮಡಿಕೆಯ ಗೆರೆಯಲ್ಲಿ ಹರಿದಿದೆ, ಹೆಸರಿನ ಅರ್ಧ ಅಳಿಸಿದೆ. ಇಷ್ಟು ವರ್ಷ ಆದಮೇಲೂ ಯಾರಾದರೂ ದಾಖಲೆ ಕೇಳಿದರೆ ಮೊದಲು ಅದನ್ನೇ ತೆಗೆಯುತ್ತಾರೆ. 2019ರ ಪೌರತ್ವ ಕಾಯ್ದೆಗೆ ನಿಯಮ ಬಂದದ್ದು 2024ರಲ್ಲಿ. ಆಮೇಲೆ ಸಿಂಧನೂರಿನ ಕೆಲವರ ಕೈಗೆ ಪೌರತ್ವದ ಪತ್ರ ಬಂತು. ಅರ್ಧ ಶತಮಾನ ಇಲ್ಲೇ ಉತ್ತು ಬಿತ್ತಿದ ಮೇಲೆ!

ಆ ಅಜ್ಜನ ಮೊಮ್ಮಗಳು ಕನ್ನಡ ಮೀಡಿಯಂನಲ್ಲಿ ಓದಿದವಳು, ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಹಾಗಾಗಿ ಅವಳಿಗೆ ಜಾತಿ ಪ್ರಮಾಣಪತ್ರ ಇಲ್ಲ, ಅದರ ಸ್ಕಾಲರ್‌ಶಿಪ್ಪೂ ಇಲ್ಲ. ಅವಳ ಅಜ್ಜನ ಊರು ಯಾವ ಕಡೆ ಬೀಳಬೇಕು ಅಂತ 1947ರಲ್ಲಿ ಯಾರೋ ನಕ್ಷೆ ಮೇಲೆ ತೀರ್ಮಾನ ಮಾಡಿದರು. ಅದಕ್ಕೆ ಇವತ್ತು ಈ ಹುಡುಗಿ ಫೀಸು ಕಟ್ಟುತ್ತಿದ್ದಾಳೆ. ಇದನ್ನು ನೋಡಿದ ಮೇಲೂ ಪಾಲು ಸಾಲಲಿಲ್ಲ ಅನ್ನುವ ಬಾಯಿ ಹೇಗೆ ಬರುತ್ತದೆ?

ಪಟ್ಟಿಗೆ ಸೇರಿಸಲು ಪಾರ್ಲಿಮೆಂಟಿನಲ್ಲಿ ಕಾನೂನೇ ಆಗಬೇಕು. ಕ್ಯಾಂಪಿನ ಹುಡುಗರು ಇನ್ನೊಂದು ಮನವಿ ತಯಾರು ಮಾಡಿದ್ದಾರೆ, ಕನ್ನಡ ತಿದ್ದಿಕೊಟ್ಟಿದ್ದೇನೆ. ಸೋಮವಾರ ರಾಯಚೂರಿಗೆ ಹೋಗಿ ಕೊಡುತ್ತೇವೆ. ಜೊತೆಗೆ ಬರುವವರು ಇನ್‌ಬಾಕ್ಸಿನಲ್ಲಿ ತಿಳಿಸಿ. ಮದುವೆ ಮನೆಯ ಆ ಹುಡುಗನಿಗೂ ಇದನ್ನು ಟ್ಯಾಗ್ ಮಾಡಿದ್ದೇನೆ.