ಗ್ರಿಡ್‌ಗೆ ಅಣುವಿದ್ಯುತ್ ಬಿಟ್ಟು ಗಾಳಿ, ಬಿಸಿಲನ್ನೇ ನೆಚ್ಚಬಹುದೇ?

ಪರ: ಹದಿನೈದು ವರ್ಷ ಕಾಯಲು ಪುರುಸೊತ್ತಿಲ್ಲ

ಫಿನ್ಲೆಂಡಿನ ಓಲ್ಕಿಲುವೊಟೊದಲ್ಲಿ ಮೂರನೇ ರಿಯಾಕ್ಟರ್ ಕಾಮಗಾರಿ ಶುರುವಾಗಿದ್ದು 2005ರಲ್ಲಿ. 2009ಕ್ಕೆ ವಿದ್ಯುತ್ ಕೊಡಬೇಕಿದ್ದ ಸ್ಥಾವರ ನಿಯಮಿತವಾಗಿ ಕೊಡತೊಡಗಿದ್ದು 2023ರಲ್ಲಿ. ಫ್ರಾನ್ಸಿನ ಫ್ಲಾಮಾನ್ವಿಲ್‌ನದೂ ಇದೇ ಕತೆ. 2007ರಲ್ಲಿ ಆರಂಭವಾದ ಕೆಲಸ ಮುಗಿದು ಗ್ರಿಡ್‌ಗೆ ಜೋಡಣೆಯಾಗಿದ್ದು 2024ರ ಡಿಸೆಂಬರ್‌ನಲ್ಲಿ. 330 ಕೋಟಿ ಯೂರೊ ಅಂದಾಜಿನ ಕಟ್ಟಡ ಸಾವಿರ ಕೋಟಿ ಯೂರೊವನ್ನೂ ಮೀರಿ ನುಂಗಿತು. ಅಣುವಿದ್ಯುತ್ತಿನಲ್ಲಿ ಪಳಗಿದ ದೇಶಗಳಿಗೇ ಹೀಗಾದರೆ ಹೊಸದಾಗಿ ಕೈಹಾಕುವವರ ಪಾಡೇನು?

ಅಷ್ಟೂ ವರ್ಷ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ನನ್ನ ಮುಖ್ಯ ತಕರಾರು ಇದೇ. ಸೌರ ಘಟಕ ಇಡೀ ಮುಗಿಯುವವರೆಗೆ ಕಾಯಬೇಕಿಲ್ಲ. ಜೋಡಿಸಿದಷ್ಟು ಭಾಗದಿಂದಲೇ ವಿದ್ಯುತ್ ಹರಿಸಬಹುದು. 2010ರ ದಶಕದಲ್ಲಿ ಸೌರ ಫಲಕಗಳ ಬೆಲೆ ಸುಮಾರು ಶೇ 90ರಷ್ಟು ಇಳಿಯಿತು. ಅಣುಸ್ಥಾವರದ ವೆಚ್ಚ ಇಳಿದ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ.

ರಾತ್ರಿ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ 100 ಮೆಗಾವಾಟ್ ಬ್ಯಾಟರಿ ತಲೆಯೆತ್ತಿದ್ದು ಕೆಲವೇ ತಿಂಗಳಲ್ಲಿ. ಬೇಡಿಕೆಗೆ ತಕ್ಕಷ್ಟು ವಿದ್ಯುತ್ ಸಾಲದೆ ಗ್ರಿಡ್‌ನ ಆವರ್ತನ (ಫ್ರೀಕ್ವೆನ್ಸಿ) ಕುಸಿದರೆ ಅದು ಸೆಕೆಂಡಿಗೂ ಮೊದಲೇ ಸ್ಪಂದಿಸುತ್ತದೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್ ಅಂತೂ ತುಂಬ ಹಳೆಯ, ನೆಚ್ಚಿಕೆಯ ವಿದ್ಯೆ.

ಇನ್ನು ಅಪಾಯ. ರಿಯಾಕ್ಟರ್ ಸ್ವಿಚ್ ಆರಿಸಿದರೆ ಆರುವ ಯಂತ್ರವಲ್ಲ. ನಿಲ್ಲಿಸಿದ ಆ ಕ್ಷಣದಲ್ಲೂ ಅದರ ಶಾಖದ ಶೇ 6ರಿಂದ 7ರಷ್ಟು ಉಳಿದಿರುತ್ತದೆ, ಅದನ್ನು ತಣಿಸಲು ಪಂಪುಗಳು ಓಡುತ್ತಲೇ ಇರಬೇಕು. 2011ರ ಮಾರ್ಚ್‌ನಲ್ಲಿ ಫುಕುಶಿಮಾದಲ್ಲಿ ಭೂಕಂಪ ಹೊರಗಿನ ವಿದ್ಯುತ್ತನ್ನು ಕಡಿದುಹಾಕಿತು, ಸುನಾಮಿ ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ಪಂಪು ನಿಂತವು, ಮೂರು ರಿಯಾಕ್ಟರುಗಳ ಇಂಧನ ಕರಗಿಹೋಯಿತು. ಗಾಳಿಯಂತ್ರ ಕೆಟ್ಟರೆ ಊರು ಖಾಲಿ ಮಾಡಿಸಬೇಕಾಗಿಲ್ಲ.

ವಿರೋಧ: ಸಂಜೆಯ ಲೋಡ್ ಯಾರು ಹೊರುತ್ತಾರೆ?

ಬೇಡಿಕೆಗೆ (ಲೋಡ್) ತಕ್ಕಂತೆ ವಿದ್ಯುತ್ ಹಂಚುವ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕೂತವರಿಗೆ ಸಂಜೆ ಎಂದರೆ ಏನೆಂದು ಗೊತ್ತು. ಸೂರ್ಯ ಇಳಿಯುತ್ತಿದ್ದಂತೆ ಸೌರ ವಿದ್ಯುತ್ತಿನ ಗೆರೆ ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ, ಒಲೆ, ಪಂಪು ಹೊತ್ತಿಕೊಂಡು ಬೇಡಿಕೆಯ ಗೆರೆ ಮೇಲೇರುತ್ತದೆ. ಆ ಅಂತರವನ್ನು ಎರಡು-ಮೂರು ಗಂಟೆಯೊಳಗೆ ತುಂಬಬೇಕು. ಇಂದು ಗ್ರಿಡ್‌ಗೆ ಜೋಡಿಸುವ ಬ್ಯಾಟರಿಗಳಲ್ಲಿ ಬಹುಪಾಲು ಎರಡರಿಂದ ನಾಲ್ಕು ಗಂಟೆ ಬಾಳುವಂಥವು. ಒಂದು ಸಂಜೆಗೆ ಅವು ಸಾಕು, ಒಪ್ಪುತ್ತೇನೆ. ಮೋಡ ಕವಿದು ಗಾಳಿಯೂ ಸತ್ತ ವಾರಕ್ಕೆ? ಉತ್ತರ ಯುರೋಪಿನಲ್ಲಿ ಚಳಿಗಾಲ ಬಂತೆಂದರೆ ಇಂಥ ದಿನಗಳು ಸಾಮಾನ್ಯ. ಆಗ ಅನಿಲ, ಕಲ್ಲಿದ್ದಲು ಸ್ಥಾವರಗಳಿಗೇ ಮೊರೆ ಹೋಗುವುದು.

ಜರ್ಮನಿ 2023ರ ಏಪ್ರಿಲ್ 15ರಂದು ತನ್ನ ಕೊನೆಯ ಮೂರು ರಿಯಾಕ್ಟರುಗಳನ್ನು ನಿಲ್ಲಿಸಿತು. ಅಂದು ಅಲ್ಲಿನ ಲಿಗ್ನೈಟ್ (ಕಂದು ಕಲ್ಲಿದ್ದಲು) ಸ್ಥಾವರಗಳು ಇನ್ನೂ ಹೊಗೆಯುಗುಳುತ್ತಿದ್ದವು. ಗಾಳಿ, ಬಿಸಿಲಿಗೆ ಅಷ್ಟೆಲ್ಲ ಹಣ ಸುರಿದ ದೇಶ ಕಲ್ಲಿದ್ದಲಿಗಿಂತ ಮೊದಲು ಇಂಗಾಲವಿಲ್ಲದ ವಿದ್ಯುತ್ತನ್ನು ಕೈಬಿಟ್ಟಿದ್ದು ನನಗೆ ಇಂದಿಗೂ ಅರಗದ ಮಾತು. ಗಣಿಯಿಂದ ಹಿಡಿದು ಸ್ಥಾವರ ಕೆಡವುವವರೆಗೆ ಎಲ್ಲ ಸೇರಿಸಿದರೂ ಅಣುವಿದ್ಯುತ್ತಿನ ಇಂಗಾಲದ ಲೆಕ್ಕ ಪವನ ವಿದ್ಯುತ್ತಿನ ಆಸುಪಾಸಿನಲ್ಲೇ ಇದೆ.

ಫುಕುಶಿಮಾದ ಮಾತನ್ನು ಅರ್ಧಕ್ಕೇ ನಿಲ್ಲಿಸಬಾರದು. ಅಲ್ಲಿ ವಿಕಿರಣಕ್ಕಿಂತ ಬಹಳ ಹೆಚ್ಚು ಜೀವ ತೆಗೆದದ್ದು ತರಾತುರಿಯ ಸ್ಥಳಾಂತರ; ಆಸ್ಪತ್ರೆ, ವೃದ್ಧಾಶ್ರಮಗಳಿಂದ ಎಬ್ಬಿಸಿದ ವಯಸ್ಸಾದವರೇ ಅವರಲ್ಲಿ ಹೆಚ್ಚು. ಕಲ್ಲಿದ್ದಲಿನ ಹೊಗೆ ಪ್ರತಿ ವರ್ಷ ಲಕ್ಷಗಟ್ಟಲೆ ಜನರನ್ನು ಕೊಲ್ಲುತ್ತಿದ್ದರೂ ಅದು ಸುದ್ದಿಯಾಗುವುದಿಲ್ಲ. ತ್ಯಾಜ್ಯದ ವಿಚಾರವೂ ಅಷ್ಟೇ: ಫಿನ್ಲೆಂಡ್ ಓಂಕಲೊದಲ್ಲಿ ನಾನೂರು ಮೀಟರಿಗೂ ಆಳದ ಗಟ್ಟಿ ಶಿಲೆ ಕೊರೆದು ಅದನ್ನು ಹೂಳಲು ಜಾಗ ಮಾಡಿದೆ.

ತಡವಾಗುತ್ತದೆ ಎಂಬ ಆಕ್ಷೇಪ ನಿಜ, ಆದರೆ ಎಲ್ಲೆಡೆಯೂ ನಿಜವಲ್ಲ. ಅಣುವಿದ್ಯುತ್ತನ್ನೇ ನೆಚ್ಚುವ 1974ರ ತೀರ್ಮಾನದ ನಂತರ ಫ್ರಾನ್ಸ್ ಸುಮಾರು ಎರಡು ದಶಕಗಳಲ್ಲಿ ಐವತ್ತಕ್ಕೂ ಹೆಚ್ಚು ರಿಯಾಕ್ಟರ್ ಕಟ್ಟಿತು. ಕೆಲವೇ ಮಾದರಿಗಳನ್ನು ಮತ್ತೆ ಮತ್ತೆ ಕಟ್ಟಿದ್ದರಿಂದ ಕೈಗಳು ಪಳಗಿದವು. ಫ್ಲಾಮಾನ್ವಿಲ್‌ನಲ್ಲಿ ಮಾದರಿ ಹೊಸದು, ಹಳೆಯ ಕೈಗಳು ನಿವೃತ್ತವಾಗಿದ್ದವು. ಅರಬ್ ಎಮಿರೇಟ್ಸ್‌ಗೆ ಅಣುವಿದ್ಯುತ್ತಿನ ಅನುಭವವೇ ಇರಲಿಲ್ಲ. ಬರಾಕಾದಲ್ಲಿ 2012ರಲ್ಲಿ ಕೆಲಸ ಶುರುಮಾಡಿ, ಕೊರಿಯಾದ ಒಂದೇ ಮಾದರಿಯ ನಾಲ್ಕು ರಿಯಾಕ್ಟರುಗಳನ್ನು 2024ರೊಳಗೆ ಮುಗಿಸಿತು. ಆ ದೇಶದ ವಿದ್ಯುತ್ತಿನ ಕಾಲುಭಾಗ ಈಗ ಅಲ್ಲಿಂದಲೇ ಬರುತ್ತಿದೆ, ರಾತ್ರಿಯೂ.